ಯಾರೂ ಕಣ್ಣಾರೆ ನೋಡದ ಆಟಗಾರರಲ್ಲಿ ಆಲ್-ಸ್ಟಾರ್ ತಂಡ ಆರಿಸುವುದು ಹೇಗೆ

ನಮ್ಮ ಬೇಸ್‌ಬಾಲ್ ಲೀಗ್‌ನಲ್ಲಿ ಹತ್ತು ತಂಡಗಳಿವೆ, ಇನ್ನೂರ ಅರವತ್ತು ಆಟಗಾರರಿದ್ದಾರೆ. ಅವರಲ್ಲಿ ಒಬ್ಬನೂ ತಾಯಿ ಹೊಟ್ಟೆಯಿಂದ ಹುಟ್ಟಿದವನಲ್ಲ. ಎಲ್ಲರೂ ಕಂಪ್ಯೂಟರ್ ಕಟ್ಟಿದ ಹೆಸರುಗಳು. ತಂಡ ನಡೆಸುವ ಹತ್ತು ಜನ ಮಾತ್ರ ನಿಜ. ಸೀಸನ್ ಮುಗಿದ ರಾತ್ರಿ ನಮ್ಮ ವಾಟ್ಸಾಪ್ ಗುಂಪಿನಲ್ಲಿ ನಡೆಯುವ ಜಗಳ ಅದಕ್ಕಿಂತ ನಿಜ. ಈ ವರ್ಷದ ಶಾರ್ಟ್‌ಸ್ಟಾಪ್ ಜಾಗಕ್ಕೆ ಯಾರು, ಮೂರನೇ ಔಟ್‌ಫೀಲ್ಡರ್ ಯಾರು ಅಂತ ಇಲ್ಲದ ಮನುಷ್ಯನ ಪರವಾಗಿ ಇರುವ ಮನುಷ್ಯರು ಎರಡು ದಿನ ಮಾತು ಬಿಟ್ಟಿದ್ದೂ ಉಂಟು.

ಈ ಲೀಗ್‌ಗೆ ಕಮಿಷನರ್ ಆಗುವ ಬಿಟ್ಟಿ ಕೆಲಸ ನನ್ನ ತಲೆಗೆ ಬಂತು. ಮೊದಲ ಸೀಸನ್‌ನಲ್ಲಿ ನಾನು ಮಾಡಿದ್ದು ತುಂಬ ಸುಲಭದ ಕೆಲಸ. ಬ್ಯಾಟಿಂಗ್ ಪಟ್ಟಿ ತೆಗೆದೆ, ಮೇಲಿನಿಂದ ಒಂಬತ್ತು ಹೆಸರು ಎತ್ತಿದೆ. ನೋಡಿದರೆ ಅದರಲ್ಲಿ ನಾಲ್ಕು ಜನ ಫಸ್ಟ್ ಬೇಸ್‌ನವರು (ಬ್ಯಾಟರ್ ಓಡಿ ಮುಟ್ಟಬೇಕಾದ ಮೊದಲ ನಿಲ್ದಾಣ ಕಾಯುವವರು), ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಹಾಗೆ ಬ್ಯಾಟರ್ ಹಿಂದೆ ಕೂರುವವನು) ಒಬ್ಬನೂ ಇಲ್ಲ. ಅದು ತಂಡ ಅಲ್ಲ, ಫಸ್ಟ್ ಬೇಸ್ ಮುಂದೆ ನಿಂತ ಕ್ಯೂ. ಆಮೇಲೆ ಪ್ರತಿ ವರ್ಷ ಒಂದೊಂದು ತಪ್ಪು ತಿದ್ದಿಕೊಂಡು ಬಂದಿದ್ದೇನೆ. ನೀವೂ ಗೆಳೆಯರ ಜೊತೆ ಔಟ್ ಆಫ್ ದ ಪಾರ್ಕ್ ತರಹದ ಕಂಪ್ಯೂಟರ್ ಆಟದಲ್ಲಿ ಲೀಗ್ ನಡೆಸುತ್ತಿದ್ದರೆ, ಅಥವಾ 1961ರಿಂದ ಇರುವ ಸ್ಟ್ರಾಟ್-ಒ-ಮ್ಯಾಟಿಕ್ ತರಹ ಕಾರ್ಡು, ದಾಳ ಇಟ್ಟುಕೊಂಡು ಮೇಜಿನ ಮೇಲೆ ಆಡುತ್ತಿದ್ದರೆ, ಇದು ಕೆಲಸಕ್ಕೆ ಬರುತ್ತದೆ.

ಮೊದಲು ಒಂದು ವಿಷಯ ಇತ್ಯರ್ಥ ಮಾಡಿಕೊಳ್ಳಿ. ಯಾವ ಆಲ್-ಸ್ಟಾರ್? ಅಮೆರಿಕದ ದೊಡ್ಡ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಆಲ್-ಸ್ಟಾರ್ ಅಂದರೆ ಸೀಸನ್ ನಡುವೆ ಜುಲೈನಲ್ಲಿ ನಡೆಯುವ ಒಂದು ಪಂದ್ಯ. 1933ರಲ್ಲಿ ಶಿಕಾಗೋದ ಕೊಮಿಸ್ಕಿ ಪಾರ್ಕ್‌ನಲ್ಲಿ ಶುರುವಾಯಿತು. ಶಿಕಾಗೋ ಟ್ರಿಬ್ಯೂನ್ ಪತ್ರಿಕೆಯ ಕ್ರೀಡಾ ಸಂಪಾದಕ ಆರ್ಚ್ ವಾರ್ಡ್ ತಲೆಯಲ್ಲಿ ಹುಟ್ಟಿದ ಐಡಿಯಾ ಅದು. ಆ ಪಂದ್ಯದ ಮೊದಲ ಹೋಮ್ ರನ್ (ನಮ್ಮ ಸಿಕ್ಸರ್ ಹಾಗೆ ಬೇಲಿ ದಾಟುವ ಹೊಡೆತ) ಹೊಡೆದದ್ದು ಬೇಬ್ ರೂತ್. ಅದು ಮೂಲತಃ ಜನ ನೋಡುವ ಹಬ್ಬ. ಹಾಗಾಗಿ ಪ್ರತಿ ತಂಡದಿಂದ ಕನಿಷ್ಠ ಒಬ್ಬ ಇರಲೇಬೇಕು ಅನ್ನುವ ನಿಯಮ ಅಲ್ಲಿದೆ. ಯಾವ ಊರಿನ ಜನಕ್ಕೂ ಬೇಜಾರಾಗಬಾರದಲ್ಲ.

ಸೀಸನ್ ಮುಗಿದ ಮೇಲೆ ಆರಿಸುವ ತಂಡ ಬೇರೆ ಜಾತಿ. ಅದಕ್ಕೆ ಪಂದ್ಯ ಇಲ್ಲ, ಟಿಕೆಟ್ ಇಲ್ಲ, ಅದು ಬರೀ ದಾಖಲೆ. ಮೇಜರ್ ಲೀಗ್ ಕೂಡ 2019ರಿಂದ ಇಂಥದ್ದೊಂದು ತಂಡ ಹೆಸರಿಸುತ್ತಿದೆ, ಆಲ್-ಎಂಎಲ್‌ಬಿ ಟೀಮ್ ಅಂತ. ಬೇಸ್‌ಗಳ ಸುತ್ತಲಿನ ಇನ್‌ಫೀಲ್ಡ್‌ನ ಒಂದೊಂದು ಜಾಗಕ್ಕೆ ಒಬ್ಬೊಬ್ಬ, ಒಬ್ಬ ಕ್ಯಾಚರ್, ಮೂವರು ಔಟ್‌ಫೀಲ್ಡರ್, ಒಬ್ಬ ಡಿಎಚ್, ಐವರು ಸ್ಟಾರ್ಟಿಂಗ್ ಪಿಚರ್, ಇಬ್ಬರು ರಿಲೀವರ್. ಡಿಎಚ್ ಅಂದರೆ ಫೀಲ್ಡಿಂಗ್ ಮಾಡದೆ ಬ್ಯಾಟ್ ಮಾತ್ರ ಬೀಸುವವನು. ಪಿಚರ್ ಅಂದರೆ ಚೆಂಡು ಎಸೆಯುವವನು, ಪಂದ್ಯ ಶುರು ಮಾಡುವವನು ಸ್ಟಾರ್ಟಿಂಗ್ ಪಿಚರ್, ನಡುವೆ ಬಂದು ಎಸೆಯುವವನು ರಿಲೀವರ್. ನಾವು ಈ ಅಚ್ಚನ್ನೇ ಎತ್ತಿಕೊಂಡಿದ್ದೇವೆ. ಮೊದಲ ತಂಡ, ಎರಡನೇ ತಂಡ ಎರಡೂ ಮಾಡುತ್ತೇವೆ. 'ಪ್ರತಿ ತಂಡಕ್ಕೊಬ್ಬ' ನಿಯಮ ಇಲ್ಲಿ ಇಟ್ಟುಕೊಳ್ಳಬೇಡಿ. ನೂರು ಪಂದ್ಯ ಸೋತ ತಂಡದ ಮಾಲೀಕ ಗೊಣಗುತ್ತಾನೆ, ಗೊಣಗಲಿ.

ಈಗ ನಿಜವಾದ ಕಷ್ಟಕ್ಕೆ ಬರೋಣ. ಇದು ನಮ್ಮಂಥ ಕಲ್ಪನೆಯ ಲೀಗ್‌ಗೆ ಮಾತ್ರ ಇರುವ ಕಾಯಿಲೆ. ನಿಜವಾದ ಬೇಸ್‌ಬಾಲ್‌ನಲ್ಲಿ ಒಬ್ಬ ಆಟಗಾರ 'ಒಳಗೆ' ಎಷ್ಟು ಒಳ್ಳೆಯವನು ಅಂತ ಯಾರಿಗೂ ಗೊತ್ತಿಲ್ಲ, ಅವನು ಮಾಡಿದ್ದು ಮಾತ್ರ ಕಾಣುತ್ತದೆ. ನಮ್ಮಲ್ಲಿ ಉಲ್ಟಾ. ಆಟಗಾರನ ಪುಟ ತೆರೆದರೆ ಸಾಕು, ಹೊಡೆಯುವ ಶಕ್ತಿ 70, ಕಣ್ಣು 65, ಗ್ಲೌಸ್ 55 ಅಂತ ರೇಟಿಂಗ್ ಬರೆದಿರುತ್ತದೆ. ಹೊಸ ಆಟಗಾರರನ್ನು ಹುಡುಕುವ ಸ್ಕೌಟ್‌ಗಳು ಬಳಸುವ 20ರಿಂದ 80ರ ಅಳತೆ ಅದು. ಹಾಗಾಗಿ ಓಟು ಹಾಕುವಾಗ ನಮ್ಮ ಜನ ತಮಗೇ ಗೊತ್ತಾಗದಂತೆ ರೇಟಿಂಗ್‌ಗೆ ಓಟು ಹಾಕುತ್ತಾರೆ. 'ಅವನು ಈ ಸಲ ಸ್ವಲ್ಪ ಅನ್‌ಲಕ್ಕಿ, ಆದರೂ ಅವನೇ ಬೆಸ್ಟ್' ಅನ್ನುತ್ತಾರೆ. ಬೆಸ್ಟ್ ಇರಬಹುದು ಕಣ್ರೀ. ಆದರೆ ನಾವು ಆರಿಸುತ್ತಿರುವುದು ಈ ಸೀಸನ್‌ನಲ್ಲಿ ಏನು ನಡೆಯಿತು ಅನ್ನುವುದನ್ನು. ದಾಳ ಅವನ ಕಡೆ ಬೀಳಲಿಲ್ಲ ಅಂದರೆ ಬೀಳಲಿಲ್ಲ, ಅಷ್ಟೇ. ಸಾಧಾರಣ ರೇಟಿಂಗ್‌ನ ಮೂವತ್ತಮೂರು ವರ್ಷದ ಸೆಕೆಂಡ್ ಬೇಸ್‌ಮನ್ ಒಬ್ಬ, ಹಿಂದೆಯೂ ಇಲ್ಲ ಮುಂದೆಯೂ ಇಲ್ಲ ಅನ್ನುವ ಹಾಗೆ ಒಂದೇ ಒಂದು ವರ್ಷ ಲೀಗ್ ತುಂಬ ಬ್ಯಾಟ್ ಬೀಸಿ ಮೆರೆದರೆ, ಆ ವರ್ಷದ ಜಾಗ ಅವನದ್ದೇ. ಅವನಿಗೆ ಕೊಡದಿದ್ದರೆ ಆಟವನ್ನೇ ಯಾಕೆ ಆಡಿಸಬೇಕು, ರೇಟಿಂಗ್ ಪಟ್ಟಿ ಪ್ರಿಂಟ್ ಹಾಕಿ ಗೋಡೆಗೆ ಅಂಟಿಸಿದರೆ ಸಾಕಲ್ವಾ? ಅದಕ್ಕೇ ನಾನು ಓಟಿನ ಹಾಳೆಯಲ್ಲಿ ರೇಟಿಂಗ್ ಹಾಕುವುದೇ ಇಲ್ಲ.

ಎರಡನೆಯದು, ಹೆಸರು ನೋಡುವ ಮೊದಲೇ ನಿಯಮ ಬರೆದಿಡಿ. ಸಾಧ್ಯವಾದರೆ ಸೀಸನ್ ಶುರುವಾಗುವ ಮೊದಲೇ. ಹೆಸರು ಕಂಡ ಮೇಲೆ ಬರೆದ ನಿಯಮ ಯಾರಿಗೋ ಅನುಕೂಲ ಆಗಲೆಂದೇ ಬರೆದ ಹಾಗಿರುತ್ತದೆ, ಇರದಿದ್ದರೂ ಹಾಗೆ ಕಾಣುತ್ತದೆ.

ಎಷ್ಟು ಆಡಿರಬೇಕು? ಮೇಜರ್ ಲೀಗ್‌ನಲ್ಲಿ ಬ್ಯಾಟಿಂಗ್ ಪ್ರಶಸ್ತಿಗೆ ತಂಡ ಆಡಿದ ಒಂದೊಂದು ಪಂದ್ಯಕ್ಕೆ 3.1 ಸಲದಂತೆ ಬ್ಯಾಟಿಗೆ ಬಂದಿರಬೇಕು, 162 ಪಂದ್ಯಕ್ಕೆ ಅದು 502 ಆಗುತ್ತದೆ. ಪಿಚರ್‌ಗೆ ಪಂದ್ಯಕ್ಕೊಂದು ಇನ್ನಿಂಗ್ಸ್, ಅಂದರೆ 162. ಸಣ್ಣ ಸೀಸನ್ ಆಡಿಸುವವರು ಅದೇ ಲೆಕ್ಕದಲ್ಲಿ ಇಳಿಸಿಕೊಳ್ಳಿ. ನಾವು ಇದನ್ನು ಗೋಡೆ ಮಾಡಿಲ್ಲ, ಬೇಲಿ ಮಾಡಿದ್ದೇವೆ. 480 ಸಲ ಬಂದವನು ಉಳಿದವರಿಗಿಂತ ಬಹಳ ಮುಂದಿದ್ದರೆ ಬೇಲಿ ದಾಟಬಹುದು. ಕ್ಯಾಚರ್‌ಗೆ ಮಾತ್ರ ಮಿತಿಯನ್ನೇ 400ಕ್ಕೆ ಇಳಿಸಿದ್ದೇವೆ, ಯಾಕೆಂದರೆ ದಿನವಿಡೀ ಕುಕ್ಕರಗಾಲಲ್ಲಿ ಕೂತು ಎದ್ದು ಮಾಡುವವನಿಗೆ ರಜೆ ಬೇಕೇ ಬೇಕು, ಕಂಪ್ಯೂಟರ್ ಮನುಷ್ಯನಿಗೂ.

ಯಾವ ಜಾಗ? ಒಬ್ಬ ಎಲ್ಲಿ ಜಾಸ್ತಿ ಆಡಿದನೋ ಅದೇ ಅವನ ಜಾಗ. ಇದು ಹೇಳುವಷ್ಟೂ ಇಲ್ಲದ ವಿಷಯ ಅನ್ನಿಸಬಹುದು. ಆದರೆ 1999ರಲ್ಲಿ ಟೆಕ್ಸಸ್ ರೇಂಜರ್ಸ್‌ನ ರಫಾಯೆಲ್ ಪಾಲ್ಮೇರೊಗೆ ಫಸ್ಟ್ ಬೇಸ್‌ನ ಗೋಲ್ಡ್ ಗ್ಲೌ ಕೊಟ್ಟರು. ಅಂದರೆ ಆ ಜಾಗದ ಅತ್ಯುತ್ತಮ ಫೀಲ್ಡರ್ ಪ್ರಶಸ್ತಿ. ಆ ವರ್ಷ ಅವನು ಫಸ್ಟ್ ಬೇಸ್‌ನಲ್ಲಿ ನಿಂತದ್ದು 28 ಪಂದ್ಯ! ಮಿಕ್ಕಿದ್ದೆಲ್ಲ ಡಿಎಚ್. ಹಿಂದಿನ ಎರಡು ವರ್ಷ ಗೆದ್ದಿದ್ದ, ಓಟು ಹಾಕಿದವರ ಕೈ ಅಭ್ಯಾಸಬಲದಿಂದ ಅದೇ ಹೆಸರಿಗೆ ಹೋಯಿತು. ಓಟು ಹಾಕಿದವರು ದಿನಾ ಮೈದಾನದಲ್ಲಿದ್ದ ಮ್ಯಾನೇಜರ್, ಕೋಚ್‌ಗಳು. ಅವರ ಕೈಯಲ್ಲೇ ಹೀಗಾದರೆ ನಮ್ಮ ಪಾಡೇನು. ನಮ್ಮ ನಿಯಮ ಇಷ್ಟೇ, ತಂಡದ ಅರ್ಧದಷ್ಟಾದರೂ ಪಂದ್ಯಗಳಲ್ಲಿ ಆ ಜಾಗದಲ್ಲಿ ನಿಂತಿರಬೇಕು. ಎಲ್ಲ ಕಡೆ ಸ್ವಲ್ಪ ಸ್ವಲ್ಪ ಆಡಿದವನಿಗೆ ಇದರಿಂದ ಅನ್ಯಾಯ ಆಗುತ್ತದೆ, ಒಪ್ಪುತ್ತೇನೆ, ಅವನಿಗಾಗಿ ಎರಡನೇ ತಂಡದಲ್ಲಿ ಒಂದು ಜಾಗ ತೆಗೆದಿಟ್ಟಿದ್ದೇವೆ.

ನಡುವೆ ತಂಡ ಬದಲಾದವನು? ನಿಮ್ಮ ಲೀಗ್‌ನಲ್ಲಿ ಎರಡು ವಿಭಾಗಗಳಿದ್ದು ಒಂದೊಂದಕ್ಕೂ ಬೇರೆ ತಂಡ ಆರಿಸುವುದಾದರೆ ಮಾತ್ರ ಇದು ತಲೆನೋವು. 1997ರಲ್ಲಿ ಮಾರ್ಕ್ ಮ್ಯಾಗ್ವೈರ್ 58 ಹೋಮ್ ರನ್ ಹೊಡೆದ, ಬೇರೆ ಯಾರೂ ಅಷ್ಟು ಹೊಡೆಯಲಿಲ್ಲ. ಆದರೆ ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಹಂಚಿಹೋಯಿತು, 34 ಅಮೆರಿಕನ್ ಲೀಗ್‌ನಲ್ಲಿ, 24 ನ್ಯಾಷನಲ್ ಲೀಗ್‌ನಲ್ಲಿ. ಹೀಗಾಗಿ ಎರಡೂ ಕಡೆ ಅವನು ನಂಬರ್ ಒನ್ ಅಲ್ಲ. ಇದಕ್ಕೆ ಉಲ್ಟಾ ರಿಕ್ ಸಟ್‌ಕ್ಲಿಫ್ ಅನ್ನುವ ಪಿಚರ್ (ಪಂದ್ಯದ ಗೆಲುವು, ಸೋಲನ್ನು ಒಬ್ಬ ಪಿಚರ್ ಹೆಸರಿಗೂ ಬರೆಯುತ್ತಾರೆ). 1984ರಲ್ಲಿ ಸೀಸನ್ ನಡುವೆ ಶಿಕಾಗೋ ಕಬ್ಸ್‌ಗೆ ಬಂದು, ಹದಿನಾರು ಗೆದ್ದು ಒಂದು ಸೋತು, ಮುಕ್ಕಾಲು ಸೀಸನ್‌ನಷ್ಟೂ ಇಲ್ಲದ ಆ ಆಟಕ್ಕೇ ನ್ಯಾಷನಲ್ ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಹೊಡೆದ. ನನ್ನ ಸಲಹೆ, ಹತ್ತು ಹನ್ನೆರಡು ತಂಡದ ಲೀಗ್ ಆದರೆ ವಿಭಾಗ ಮಾಡಲೇಬೇಡಿ, ಎಲ್ಲರಿಗೂ ಸೇರಿ ಒಂದೇ ತಂಡ.

ಇನ್ನು ಅಂಕಿಗಳು. ಹೋಮ್ ರನ್ ಎಷ್ಟು, ಸರಾಸರಿ ಎಷ್ಟು ಅಂತ ನೇರವಾಗಿ ನೋಡಬೇಡಿ. ಆ ವರ್ಷ ಲೀಗ್ ಪೂರ್ತಿ ಹೇಗೆ ಹೊಡೆಯಿತು ಅಂತ ಮೊದಲು ನೋಡಿ. 1930ರಲ್ಲಿ ನ್ಯಾಷನಲ್ ಲೀಗ್‌ನ ಎಲ್ಲರನ್ನೂ ಸೇರಿಸಿ ತೆಗೆದ ಬ್ಯಾಟಿಂಗ್ ಸರಾಸರಿಯೇ (ಬ್ಯಾಟ್ ಹಿಡಿದದ್ದರಲ್ಲಿ ಹಿಟ್ ಸಿಕ್ಕ ಪಾಲು) .303 ಇತ್ತು. 1968ರಲ್ಲಿ ಅಮೆರಿಕನ್ ಲೀಗ್‌ನ ಬ್ಯಾಟಿಂಗ್ ಪ್ರಶಸ್ತಿ ಗೆದ್ದ ಕಾರ್ಲ್ ಯಾಸ್ಟ್ರೆಮ್ಸ್ಕಿ ಸರಾಸರಿ .301. ಅಂದರೆ ಒಂದು ಕಾಲದ ರಾಜ ಇನ್ನೊಂದು ಕಾಲದ ಸಾಮಾನ್ಯ ಮನುಷ್ಯನಿಗಿಂತ ಎರಡು ಕೂದಲು ಕೆಳಗೆ. 1968ರಲ್ಲಿ ಪಿಚರ್‌ಗಳ ಕೈ ಅಷ್ಟು ಮೇಲಾಗಿತ್ತು. ಪಿಚರ್ ಬಾಬ್ ಗಿಬ್ಸನ್ ಇಆರ್‌ಎ (ಫೀಲ್ಡರ್ ತಪ್ಪು ಬಿಟ್ಟು, ಒಂಬತ್ತು ಇನ್ನಿಂಗ್ಸ್‌ಗೆ ಕೊಟ್ಟ ರನ್) 1.12 ಇತ್ತು, ಮರುವರ್ಷ ಪಿಚರ್ ನಿಲ್ಲುವ ದಿಬ್ಬವನ್ನೇ 15 ಇಂಚಿನಿಂದ 10ಕ್ಕೆ ಇಳಿಸಿದರು. ಕಲ್ಪನೆಯ ಲೀಗ್‌ನಲ್ಲಿ ಇದು ಇನ್ನೂ ಜಾಸ್ತಿ ಮುಖ್ಯ, ಯಾಕೆಂದರೆ ಸೆಟ್ಟಿಂಗ್‌ನಲ್ಲಿ ಯಾರೋ ಒಂದು ಗುಂಡಿ ತಿರುಗಿಸಿದರೆ ಇಡೀ ಲೀಗ್ ಒಂದೇ ವರ್ಷದಲ್ಲಿ 1930 ಆಗಬಹುದು, 1968 ಆಗಬಹುದು.

ಆಮೇಲೆ ಮೈದಾನ. ಕ್ರಿಕೆಟ್ ನೋಡುವ ನಮಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ಚಿನ್ನಸ್ವಾಮಿಯಲ್ಲಿ ಹೊಡೆದ ಸಿಕ್ಸರ್‌ಗೂ ದೊಡ್ಡ ಬೌಂಡರಿಯ ಮೈದಾನದ ಸಿಕ್ಸರ್‌ಗೂ ವ್ಯತ್ಯಾಸ ಇದೆ ಅಂತ ನಮ್ಮ ಮನೆ ಮಕ್ಕಳೂ ಹೇಳುತ್ತಾರೆ. ಬೇಸ್‌ಬಾಲ್‌ನಲ್ಲಿ ಆ ಕುಖ್ಯಾತಿ ಡೆನ್ವರ್‌ನ ಕೂರ್ಸ್ ಫೀಲ್ಡ್‌ಗೆ. ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರ, ಗಾಳಿ ತೆಳು, ಚೆಂಡು ಸುಮ್ನೆ ಹಾರುತ್ತದೆ. ಲೆಕ್ಕ ಸುಲಭ. ಒಂದು ತಂಡದ ಮನೆ ಮೈದಾನದಲ್ಲಿ ಎರಡೂ ಕಡೆಯವರು ಸೇರಿ ಪಂದ್ಯಕ್ಕೆ ಎಷ್ಟು ರನ್ ಮಾಡಿದರು ನೋಡಿ, ಅದೇ ತಂಡ ಹೊರಗೆ ಆಡಿದಾಗ ಎಷ್ಟು ನೋಡಿ. ಮನೆಯಲ್ಲಿ 11, ಹೊರಗೆ 10 ಅಂದುಕೊಳ್ಳಿ, ಅನುಪಾತ 1.10. ಆಟಗಾರ ಅರ್ಧ ಪಂದ್ಯ ಮಾತ್ರ ಅಲ್ಲಿ ಆಡುವುದರಿಂದ ಅರ್ಧ ಪಾಲು ಹಿಡಿದು 1.05 ಅನ್ನಿ. ಅವನ ಬ್ಯಾಟಿನಿಂದ ಬಂದ 105 ರನ್ ಅಂದರೆ ನ್ಯಾಯವಾಗಿ 100. ಒಂದೇ ವರ್ಷದ ಅಂಕಿ ನಂಬಬೇಡಿ, ಮೂರು ವರ್ಷದ ಸರಾಸರಿ ಹಿಡಿಯಿರಿ. ಮೊದಲ ಸೀಸನ್ ಆದರೆ ಈ ಕೆಲಸವನ್ನೇ ಅರ್ಧಂಬರ್ಧ ಮಾಡಿ, ಪರವಾಗಿಲ್ಲ.

ಇಷ್ಟೆಲ್ಲ ಮಾಡಲು ಸೋಮಾರಿತನವೇ? ಬೇಸ್ ತಲುಪುವ ಪ್ರಮಾಣಕ್ಕೆ ಹೊಡೆತದ ಬಲ ಕೂಡಿಸಿದರೆ ಒಪಿಎಸ್. ಒಪಿಎಸ್ ಪ್ಲಸ್ ನೋಡಿ, ಅದರಲ್ಲಿ ಲೀಗ್, ಮೈದಾನ ಎರಡನ್ನೂ ಸರಿಪಡಿಸಿರುತ್ತಾರೆ, 100 ಅಂದರೆ ಸರಾಸರಿ ಆಟಗಾರ. ಇಬ್ಬರ ಒಪಿಎಸ್ ಸಮ ಬಂದರೆ ನಾನು ಬೇಸ್ ತಲುಪುವ ಪ್ರಮಾಣ ಜಾಸ್ತಿ ಇರುವವನ ಕಡೆ. ಔಟಾಗದೆ ಉಳಿಯುವುದಕ್ಕೆ ಒಪಿಎಸ್ ಕೊಡಬೇಕಾದಷ್ಟು ಬೆಲೆ ಕೊಡುವುದಿಲ್ಲ. ಆರ್‌ಬಿಐ (ಒಬ್ಬನ ಹೊಡೆತದಿಂದ ತಂಡಕ್ಕೆ ಬಂದ ರನ್) ಮರೆತುಬಿಡಿ. ಮುಂದಿನವರು ಬೇಸ್ ಮೇಲೆ ನಿಂತಿದ್ದರೆ ತಾನೇ ಹಿಂದಿನವನಿಗೆ ಆರ್‌ಬಿಐ?

ವಾರ್ ಅನ್ನುವ ಅಂಕಿ ಬಗ್ಗೆ ಎರಡು ಮಾತು. ಸುಲಭಕ್ಕೆ ಸಿಗುವ ಬದಲಿ ಆಟಗಾರನಿಗಿಂತ ಇವನು ಎಷ್ಟು ಗೆಲುವು ಜಾಸ್ತಿ ತಂದುಕೊಟ್ಟ ಅನ್ನುವುದು ಅದು. ಬ್ಯಾಟು, ಓಟ, ಗ್ಲೌಸ್, ಜಾಗ ಎಲ್ಲ ಸೇರಿಸಿ ಲೆಕ್ಕ ಹಾಕುತ್ತಾರೆ. ಸುಮಾರು ಹತ್ತು ರನ್‌ಗೆ ಒಂದು ಗೆಲುವು. ಎರಡು ಇದ್ದರೆ ಸಾಧಾರಣ ಖಾಯಂ ಆಟಗಾರ, ಐದು ದಾಟಿದರೆ ಆಲ್-ಸ್ಟಾರ್ ಮಟ್ಟ, ಎಂಟು ಅಂದರೆ ಆ ವರ್ಷದ ದೊರೆ. ಒಳ್ಳೆಯ ಅಳತೆ. ಆದರೆ 5.4ಕ್ಕೂ 5.1ಕ್ಕೂ ವ್ಯತ್ಯಾಸ ಇದೆ ಅಂತ ಯಾರಾದರೂ ವಾದಿಸಿದರೆ ನಂಬಬೇಡಿ. ಆ ಅಂಕಿಯ ಒಳಗಿನ ಫೀಲ್ಡಿಂಗ್ ಲೆಕ್ಕ ಅಷ್ಟು ಚೂಪಲ್ಲ. ಅರ್ಧಕ್ಕಿಂತ ಕಡಿಮೆ ಅಂತರ ಇದ್ದರೆ ಸಮ ಅಂತಲೇ ಹಿಡಿದು, ಯಾರು ಜಾಸ್ತಿ ಪಂದ್ಯ ಆಡಿದರು ನೋಡಿ.

ಜಾಗದ ಬೆಲೆಯ ವಿಷಯದಲ್ಲಿ ನಮ್ಮ ಗುಂಪಿನ ಬುದ್ಧಿವಂತರೇ ಎಡವುತ್ತಾರೆ. ಶಾರ್ಟ್‌ಸ್ಟಾಪ್ ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವವನು, ಅತಿ ಜಾಸ್ತಿ ಚೆಂಡು ಅಲ್ಲಿಗೆ ಹೋಗುತ್ತದೆ, ಆ ಕೆಲಸ ಬರುವವರು ಕಡಿಮೆ. ಫಸ್ಟ್ ಬೇಸ್‌ನಲ್ಲಿ ಎಸೆದ ಚೆಂಡು ಹಿಡಿಯಲು ಬಂದರೆ ಸಾಕು, ದೈತ್ಯ ಬ್ಯಾಟರ್‌ಗಳೆಲ್ಲ ಅಲ್ಲಿ ಸೇರಿರುತ್ತಾರೆ. ಹಾಗಾಗಿ ಇಡೀ ಸೀಸನ್‌ಗೆ ಕ್ಯಾಚರ್‌ಗೆ 12.5 ರನ್, ಶಾರ್ಟ್‌ಸ್ಟಾಪ್‌ಗೆ 7.5 ರನ್ ಕೂಡಿಸುವುದು, ಫಸ್ಟ್ ಬೇಸ್‌ನವನಿಂದ 12.5 ಕಳೆಯುವುದು, ಡಿಎಚ್‌ನಿಂದ 17.5 ಕಳೆಯುವುದು ರೂಢಿ. 2003ರ ವಿಶ್ವಕಪ್‌ನಲ್ಲಿ ನಮ್ಮ ದ್ರಾವಿಡ್ ಕೀಪಿಂಗ್ ಗ್ಲೌಸ್ ಹಾಕಿಕೊಂಡಿದ್ದಕ್ಕೆ ತಂಡಕ್ಕೆ ಒಬ್ಬ ಬ್ಯಾಟ್ಸ್‌ಮನ್ ಜಾಸ್ತಿ ಸಿಕ್ಕ ಅಲ್ವಾ, ಅದೇ ತರ್ಕ. ಸರಿ. ಆದರೆ ಜಾಗಕ್ಕೊಬ್ಬ ಅಂತ ಆರಿಸುವಾಗ ನೀವು ಶಾರ್ಟ್‌ಸ್ಟಾಪನ್ನು ಇನ್ನೊಬ್ಬ ಶಾರ್ಟ್‌ಸ್ಟಾಪ್ ಜೊತೆ ತಾನೇ ತೂಗುತ್ತಿರುವುದು? ಇಬ್ಬರಿಗೂ ಅದೇ 7.5 ಕೂಡಿಸಿದರೆ ಏನೂ ಬದಲಾಗುವುದಿಲ್ಲ. ಈ ಲೆಕ್ಕ ಬೇಕಾಗುವುದು ಔಟ್‌ಫೀಲ್ಡ್‌ನ ಮೂರು ಜಾಗ ಒಟ್ಟಿಗೆ ತುಂಬುವಾಗ, ಮತ್ತು ಎರಡು ಮೂರು ಜಾಗದಲ್ಲಿ ಆಡಿದವನನ್ನು ತೂಗುವಾಗ. ವಾರ್‌ನಲ್ಲಿ ಇದು ಆಗಲೇ ಸೇರಿರುತ್ತದೆ. ಅದರ ಮೇಲೆ ನೀವು ಮತ್ತೆ ಕೂಡಿಸಿದರೆ ಉಪ್ಪು ಹಾಕಿದ ಸಾರಿಗೆ ಇನ್ನೊಂದು ಸಲ ಉಪ್ಪು ಹಾಕಿದಂತೆ.

ಔಟ್‌ಫೀಲ್ಡ್‌ನಲ್ಲಿ ಒಬ್ಬನಾದರೂ ಸೆಂಟರ್ ಫೀಲ್ಡರ್ ಇರಬೇಕು ಅಂತ ನಮ್ಮ ನಿಯಮ. ಡಿಎಚ್ ಜಾಗವನ್ನು ಉಳಿದ ಬ್ಯಾಟರ್‌ಗಳ ಪಾರ್ಕಿಂಗ್ ಮಾಡಬೇಡಿ, ನಿಜವಾಗಿ ಡಿಎಚ್ ಆಡಿದವನಿಗೇ ಕೊಡಿ. ಹೊಡೆಯುವುದೂ ಎಸೆಯುವುದೂ ಎರಡೂ ಮಾಡುವವನು ಬಂದರೆ? ನಮ್ಮ ಲೀಗ್‌ಗೆ ಅಂಥವನು ಇನ್ನೂ ಬಂದಿಲ್ಲ. ನಿಜ ಲೀಗ್‌ಗೆ ಬಂದ. 2021ರಲ್ಲಿ ಶೊಹೆಯ್ ಓಟಾನಿ ಪಿಚರ್ ಆಗಿ, ಬ್ಯಾಟರ್ ಆಗಿ ಎರಡು ರೀತಿಯಲ್ಲೂ ಆಲ್-ಸ್ಟಾರ್ ಆದ, ಹಾಗೆ ಆದ ಮೊದಲಿಗ ಅವನೇ. ನಿಯಮ ಪುಸ್ತಕದಲ್ಲಿ ಒಂದು ಸಾಲು ಈಗಲೇ ಬರೆದಿಡಿ, ಎರಡೂ ಕಡೆ ಅರ್ಹನಾದರೆ ಎರಡೂ ಕಡೆ ಓಟು ಹಾಕಬಹುದು ಅಂತ.

ಪಿಚರ್ ವಿಷಯದಲ್ಲಿ ಗೆಲುವು-ಸೋಲಿನ ಅಂಕಣಕ್ಕೆ ಬೆರಳು ಅಡ್ಡ ಇಟ್ಟುಕೊಂಡು ಓದಿ. 2018ರಲ್ಲಿ ನ್ಯೂಯಾರ್ಕ್ ಮೆಟ್ಸ್‌ನ ಜೇಕಬ್ ಡಿಗ್ರಾಮ್ ಇಆರ್‌ಎ 1.70. ಗೆಲುವು 10, ಸೋಲು 9. ಪಾಪ, ಅವನು ಎಸೆದ ದಿನ ಅವನ ತಂಡ ರನ್ನೇ ಹೊಡೆಯುತ್ತಿರಲಿಲ್ಲ. ಆದರೂ ಸೈ ಯಂಗ್ ಅವನಿಗೇ ಬಂತು. 2010ರಲ್ಲಿ ಫೆಲಿಕ್ಸ್ ಹರ್ನಾಂಡೆಸ್ 13 ಗೆದ್ದು 12 ಸೋತು ಅದೇ ಪ್ರಶಸ್ತಿ ಪಡೆದಿದ್ದ. ಇದಕ್ಕೆ ತದ್ವಿರುದ್ಧವಾಗಿ 1972ರ ಸ್ಟೀವ್ ಕಾರ್ಲ್‌ಟನ್ ಇದ್ದಾನೆ. ಫಿಲಡೆಲ್ಫಿಯಾ ತಂಡ ಆ ವರ್ಷ ಗೆದ್ದದ್ದೇ 59, ಅದರಲ್ಲಿ 27 ಅವನೊಬ್ಬನವು. ಕೆಟ್ಟ ತಂಡದವನು ಅಂತ ಯಾರನ್ನಾದರೂ ಕೆಳಗೆ ತಳ್ಳುವ ಮನಸ್ಸಾದಾಗಲೆಲ್ಲ ನಾನು ಈ ಅಂಕಿ ನೆನಪು ಮಾಡಿಕೊಳ್ಳುತ್ತೇನೆ.

ಇಆರ್‌ಎ ನೋಡಬೇಕೋ ಎಫ್‌ಐಪಿ ನೋಡಬೇಕೋ ಅನ್ನುವ ಜಗಳ ನಿಮ್ಮಲ್ಲೂ ಬರುತ್ತದೆ. ಎಫ್‌ಐಪಿ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್), ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಫಸ್ಟ್ ಬೇಸ್), ಹೋಮ್ ರನ್ ಇಂಥವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಫೀಲ್ಡರ್‌ಗಳ ಕೈವಾಡವನ್ನು ಬದಿಗಿಡುತ್ತದೆ. ಮುಂದಿನ ವರ್ಷ ಯಾರನ್ನು ಕೊಳ್ಳಬೇಕು ಅಂತ ನೋಡುವಾಗ ನಾನು ಎಫ್‌ಐಪಿ ನೋಡುತ್ತೇನೆ. ಕಳೆದ ವರ್ಷ ಯಾರು ಚೆನ್ನಾಗಿ ಮಾಡಿದರು ಅಂದಾಗ ಕೊಟ್ಟ ರನ್ ನೋಡುತ್ತೇನೆ, ಮೈದಾನದ ತಿದ್ದುಪಡಿ ಜೊತೆ, ಎಸೆದ ಇನ್ನಿಂಗ್ಸ್ ಜೊತೆ. 2.60ರಲ್ಲಿ 210 ಇನ್ನಿಂಗ್ಸ್ ಎಸೆದವನನ್ನು 2.40ರಲ್ಲಿ 150 ಎಸೆದವನಿಗಿಂತ ಮೇಲಿಡುತ್ತೇನೆ. ರಿಲೀವರ್‌ಗಳಿಗೆ ಸೇವ್ (ಸಣ್ಣ ಮುನ್ನಡೆ ಕಾಪಾಡಿ ಪಂದ್ಯ ಮುಗಿಸಿದ ಲೆಕ್ಕ) ಎಣಿಸಬೇಡಿ. ಅಂತರ ಕಡಿಮೆ ಇದ್ದಾಗ ಬಂದು ಎಷ್ಟು ಇನ್ನಿಂಗ್ಸ್ ಎಸೆದ, ಎಷ್ಟು ರನ್ ಕೊಟ್ಟ, ಅಷ್ಟೇ.

ಕೊನೆಗೆ ಓಟು. ಹೆತ್ತವರಿಗೆ ಹೆಗ್ಗಣ ಮುದ್ದು. ತನ್ನ ಆಟಗಾರನಿಗೆ ತಾನೇ ಓಟು ಹಾಕುವ ಅವಕಾಶ ಕೊಟ್ಟರೆ ಹತ್ತು ಜನ ಹತ್ತು ತಂಡ ಬರೆದುಕೊಡುತ್ತಾರೆ. 1957ರಲ್ಲಿ ಸಿನ್ಸಿನಾಟಿ ಅಭಿಮಾನಿಗಳು ಎಷ್ಟು ಓಟು ತುಂಬಿದರು ಅಂದರೆ ನ್ಯಾಷನಲ್ ಲೀಗ್ ಆಲ್-ಸ್ಟಾರ್ ತಂಡದ ಎಂಟು ಜಾಗದಲ್ಲಿ ಏಳು ಅವರ ಊರಿನವರಿಗೇ ಹೋಯಿತು. ಕಮಿಷನರ್ ಫೋರ್ಡ್ ಫ್ರಿಕ್ ಇಬ್ಬರನ್ನು ತೆಗೆದು ಆ ಕಾಲದ ದಿಗ್ಗಜರಾದ ವಿಲ್ಲಿ ಮೇಸ್, ಹ್ಯಾಂಕ್ ಆರನ್ ಅವರನ್ನು ಹಾಕಿದ. ಅಭಿಮಾನಿಗಳ ಕೈಯಿಂದ ಓಟೇ ಹೋಯಿತು, ಮತ್ತೆ ಸಿಕ್ಕಿದ್ದು 1970ರಲ್ಲಿ. ಯೋಚಿಸಿ, ಮೇಸ್ ಮತ್ತು ಆರನ್ ಹೊರಗಿರುವ ತಂಡ!

ನಮ್ಮಲ್ಲಿ ಪ್ರತಿಯೊಬ್ಬರೂ ಜಾಗಕ್ಕೆ ಮೂವರ ಹೆಸರು ಬರೆಯುತ್ತಾರೆ, ಐದು, ಮೂರು, ಒಂದು ಅಂಕ. ಸ್ವಂತ ತಂಡದವರಿಗೆ ಹಾಕುವಂತಿಲ್ಲ. ಹೀಗೆ ಮಾಡಿದರೆ ಎಲ್ಲ ಆಟಗಾರರಿಗೂ ಓಟು ಹಾಕುವವರು ಒಂಬತ್ತೇ ಜನ, ಯಾರಿಗೂ ನಷ್ಟ ಇಲ್ಲ. ಒಂದು ಸಲ ಆಟಗಾರರ ಹೆಸರೇ ಮುಚ್ಚಿ ಅ, ಆ, ಇ ಅಂತ ಅಂಕಿ ಮಾತ್ರ ಕಳಿಸಿ ನೋಡಿದೆ. ಐದೇ ನಿಮಿಷದಲ್ಲಿ ಹೋಮ್ ರನ್ ಎಣಿಸಿ ಎಲ್ಲರೂ ತಮ್ಮ ತಮ್ಮ ಹುಡುಗರನ್ನು ಗುರುತು ಹಿಡಿದರು. ಒಬ್ಬರಂತೂ 'ಇ ನಮ್ಮವನು, ದಯವಿಟ್ಟು ನೋಡಿ' ಅಂತ ಪ್ರಚಾರಕ್ಕೇ ಇಳಿದರು. ಆಮೇಲೆ ಆ ಪ್ರಯೋಗ ಬಿಟ್ಟೆ. ಅದರ ಬದಲು ಯಾರು ಯಾರಿಗೆ ಓಟು ಹಾಕಿದರು ಅಂತ ಫಲಿತಾಂಶದ ಜೊತೆ ಬಹಿರಂಗ ಮಾಡುತ್ತೇನೆ. ಎದುರಾಳಿಯ ಒಳ್ಳೆಯ ಶಾರ್ಟ್‌ಸ್ಟಾಪನ್ನು ಬೇಕೆಂದೇ ಬಿಟ್ಟವನ ಹೆಸರು ಎಲ್ಲರಿಗೂ ಕಂಡರೆ ಮರುವರ್ಷ ಕೈ ತಾನಾಗಿ ಸರಿಹೋಗುತ್ತದೆ.

ಓಟು ಪ್ಲೇಆಫ್ ಶುರುವಾಗುವ ಮೊದಲೇ ಮುಗಿಸಿ, ಮೇಜರ್ ಲೀಗ್‌ನ ದೊಡ್ಡ ಪ್ರಶಸ್ತಿಗಳಿಗೂ ಪತ್ರಕರ್ತರು ಹಾಗೇ ಮಾಡುತ್ತಾರೆ. ಇಲ್ಲದಿದ್ದರೆ ಫೈನಲ್‌ನಲ್ಲಿ ಎರಡು ಹೋಮ್ ರನ್ ಹೊಡೆದವನು ಆರು ತಿಂಗಳ ಲೆಕ್ಕವನ್ನೇ ನುಂಗಿಬಿಡುತ್ತಾನೆ. ಫಲಿತಾಂಶ ಮಾತ್ರ ಫೈನಲ್ ಮುಗಿದ ಮೇಲೆ ಹೇಳಿ, ಸೋತವರಿಗೂ ಕಾಯಲು ಏನಾದರೂ ಇರಲಿ. ಒಂದೊಂದು ಹೆಸರಿನ ಕೆಳಗೆ ಒಂದು ಸಾಲು ಬರೆಯಿರಿ, ಅಂಕಿ ಅಲ್ಲ, ಸೀಸನ್‌ನಲ್ಲಿ ನಿಮಗೆ ನೆನಪಿರುವ ಒಂದು ಘಟನೆ. ನಮ್ಮ ಮೂವತ್ತಮೂರರ ಸೆಕೆಂಡ್ ಬೇಸ್‌ಮನ್ ಕೆಳಗೆ ನಾನು ಬರೆದದ್ದು 'ಮೇ ತಿಂಗಳಲ್ಲಿ ಇವನನ್ನು ಕೈಬಿಡಲು ಹೊರಟಿದ್ದ ಮಾಲೀಕರು ಆ ರಾತ್ರಿ ಲಾಗಿನ್ ಆಗುವುದನ್ನೇ ಮರೆತರು' ಅಂತ. ಅವನು ಮರುವರ್ಷ .219 ಹೊಡೆದು ನಿವೃತ್ತನಾದ.